ಹೇಳ್ಕೋತ ಇರ್ರಿ ಎಂದ ಅಕ್ಕೋರು

ಹೋದ ತಿಂಗಳು ಅಕ್ಕೋರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಮುಖ್ಯ ಅತಿಥಿ ಮಾತಿಗೆ ಏಳುವ ಹೊತ್ತಿಗೆ, ಮನೆಯಲ್ಲಿ ಒಲೆಯ ಮೇಲೆ ಹಾಲು ಇಟ್ಟದ್ದು ಅವರಿಗೆ ನೆನಪಾಯಿತು. ಹೊದಿಸಿದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಮೇಜಿನ ಮೇಲಿದ್ದ ಅತಿಥಿಯ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿದರು. ಅತಿಥಿಗಳು ಬರೆದು ತಂದ ಭಾಷಣವನ್ನು ಮೊದಲು ತೋಳುದ್ದ ದೂರ ಹಿಡಿದು ನೋಡಿದರು, ಆಮೇಲೆ ಮೂಗಿಗೆ ತಾಗಿಸಿ ನೋಡಿದರು, ಕೊನೆಗೆ ಮಡಚಿ ಜೇಬಿಗೆ ಹಾಕಿ ಬಾಯಿಗೆ ಬಂದದ್ದನ್ನು ಆಡಿದರು. ಅಷ್ಟು ಚೆಂದದ ಭಾಷಣವನ್ನು ಅವರ ಕಾಲುವೆ ಕ್ಯಾಂಪಿನಲ್ಲಿ ಯಾರೂ ಕೇಳಿರಲಿಲ್ಲ.

ಅಕ್ಕೋರ ಹೆಸರನ್ನು ಬರೆಯುತ್ತಿಲ್ಲ. ಇದು ಅವರದೇ ಷರತ್ತು. "ಬರೀರಿ, ಆದ್ರ ಹೆಸರು ಹಾಕಬ್ಯಾಡ್ರಿ. ಹಾಕಿದ್ರ ಓದಿ ಮುಗಿಸೂದ್ರಾಗ ಮರತು, ಯಾರೀಕಿ ಅಂತ ನಿಮಗಽ ಫೋನ್ ಹಚ್ಚತೀನಿ" ಎಂದರು. ಕ್ಯಾಂಪಿನ ಹೆಸರನ್ನೂ ಹೇಳುವುದಿಲ್ಲ. ಶಹಾಪುರ, ಸುರಪುರದ ನಡುವೆ ಕಾಲುವೆಗಾಗಿ ಎದ್ದ ಕ್ಯಾಂಪುಗಳಲ್ಲಿ ಅದೂ ಒಂದು ಎಂದರೆ ಸಾಕು.

ಅಲ್ಲಿಯ ನಿಯಂತ್ರಣ ಕೊಠಡಿಯಲ್ಲಿ ಅವರು ವೈರ್‌ಲೆಸ್ ಸೆಟ್ಟಿನ ಮುಂದೆ ಕೂಡುತ್ತಿದ್ದರು. ಕಾಲುವೆಯ ಉದ್ದಕ್ಕೂ ಇರುವ ಗೇಟುಗಳಿಂದ ನೀರಿನ ಮಟ್ಟದ ಸುದ್ದಿ ಬರುತ್ತಿತ್ತು. ಅದನ್ನು ಮೇಲಿನ ಗೇಟಿಗೆ ದಾಟಿಸಬೇಕು, ಮೇಲಿನವರು ಹೇಳಿದ್ದನ್ನು ಕೆಳಗಿನ ಗೇಟಿಗೆ ಮುಟ್ಟಿಸಬೇಕು. ಕೇಳಿದ್ದನ್ನು ಹೇಳುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದೇ ಕೆಲಸ. ಅಕ್ಕೋರಿಗೆ ಬಾರದಿದ್ದದ್ದು ಅದೊಂದೇ.

ನಾನು ಅವರ ಧ್ವನಿಯನ್ನು ಮೊದಲು ಕೇಳಿದ್ದು ಶಹಾಪುರ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಲ್ಲಿ. ಆಗಷ್ಟೇ ಪತ್ರಿಕೆಗೆ ಸೇರಿದ್ದೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟಿದೆಯೇ ಎಂದು ಕೇಳಬೇಕಿತ್ತು. ಕೇಳಿದೆ.

"ಕೇಳಿ ಬರ್ತೀನ್ರಿ. ನೀವು ಹೇಳ್ಕೋತ ಇರ್ರಿ, ನಿಲ್ಲಿಸಬ್ಯಾಡ್ರಿ."

"ಏನು ಹೇಳಲಿ?"

"ಈಗ ಏನ್ ಕೇಳಿದ್ರಿ ಅದನ್ನಽ. ನೀವು ನಿಲ್ಲಿಸಿದ್ರ ನನ್ನ ತಲ್ಯಾಗಿಂದೂ ನಿಲ್ತದ."

ಹೊಸ ನೌಕರಿ, ಹೇಳಿದಂತೆ ಮಾಡಿದೆ. "ಕೊನೆ ಭಾಗಕ್ಕೆ ನೀರು ಮುಟ್ಟಿದೆಯೇ, ಕೊನೆ ಭಾಗಕ್ಕೆ ನೀರು ಮುಟ್ಟಿದೆಯೇ" ಎಂದು ಬೂತಿನ ಗಾಜಿನ ಡಬ್ಬಿಯಲ್ಲಿ ನಿಂತು ಮಂತ್ರ ಹೇಳಿದೆ. ಹೊರಗೆ ಸರದಿಯಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಮುದುಕ ಬಾಗಿಲು ತೆರೆದು ತಲೆ ಒಳಗೆ ಹಾಕಿದ.

"ಮುಟ್ಟಿಲ್ಲೋ ತಮ್ಮಾ. ನಾ ಅಲ್ಲಿಂದಾನೇ ಬಂದೀನಿ. ಎಷ್ಟ್ ಸರ್ತಿ ಕೇಳ್ತಿ?"

ಅದೇ ಗಳಿಗೆಗೆ ಫೋನಿನಲ್ಲಿ ಅಕ್ಕೋರು, "ಮುಟ್ಟ್ಯಾದಂತ್ರಿ!" ಎಂದರು. ಮರುದಿನ ಎರಡೂ ಮಾತು ಪತ್ರಿಕೆಯಲ್ಲಿ ಬಂದವು, ಒಂದರ ಪಕ್ಕದಲ್ಲಿ ಇನ್ನೊಂದು. ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ಸುದ್ದಿ ಅದು.

ಆಮೇಲೆ ಕೊಠಡಿಗೆ ಹೋಗಿ ನೋಡಿದಾಗ ತಿಳಿಯಿತು, ಇದು ನನಗೊಬ್ಬನಿಗೆ ಹಾಕಿದ ಶಿಕ್ಷೆಯಲ್ಲ, ಇಡೀ ಕಾಲುವೆಯ ಪದ್ಧತಿ. ದೇವಾಪುರದ ಕಡೆಯ ಗೇಟಿನವನು "ಆರು ಇಂಚ್ ಎತ್ತರಿ, ಆರು ಇಂಚ್ ಎತ್ತರಿ" ಎನ್ನುತ್ತಲೇ ಇರಬೇಕು. ಅಕ್ಕೋರು ಆ ಸೆಟ್ಟನ್ನು ಎಡಗಿವಿಗೆ ಹಚ್ಚಿಕೊಂಡು, ಬಲಗೈಯಲ್ಲಿ ಮೇಲಿನ ಗೇಟಿನ ಸೆಟ್ಟು ಹಿಡಿದು, ಅವನ ಮಾತು ಕಿವಿಗೆ ಬೀಳುತ್ತಿರುವಾಗಲೇ ಅದನ್ನು ಆ ಕಡೆ ಸುರಿಯುತ್ತಿದ್ದರು. ಎಂಜಿನಿಯರುಗಳಿಗೂ ವಿನಾಯಿತಿ ಇರಲಿಲ್ಲ. ಇಸ್ತ್ರಿ ಅಂಗಿಯ ದೊಡ್ಡ ಸಾಹೇಬರು, ಕೆಂಭಾವಿ ಗೇಟಿನ ಸುದ್ದಿ ಬೇಕಾದರೆ, ತಮ್ಮ ಕೋಣೆಯಿಂದ "ಕೆಂಭಾವಿ ಕೆಂಭಾವಿ ಕೆಂಭಾವಿ" ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಕಣ್ಣು ಮುಚ್ಚಿದರೆ ಬಸ್ ನಿಲ್ದಾಣದಲ್ಲಿ ನಿಂತಂತೆ ಇರುತ್ತಿತ್ತು.

ಬರೆದುಕೊಳ್ಳಬಾರದೇ ಎಂದು ಎಲ್ಲರಂತೆ ನಾನೂ ಕೇಳಿದೆ. "ಪೆನ್ನು ಹುಡುಕೂದ್ರಾಗ ಮಾತು ಹೋಗಿರ್ತದ. ಮಾತು ಹಿಡಕೊಂಡು ಕುಂತ್ರ ಪೆನ್ನು ಸಿಗಂಗಿಲ್ಲ. ಎರಡೂ ಕೂಡಿ ನನ್ನ ಬಲ್ಲಿ ಯಾವತ್ತೂ ಬಂದಿಲ್ಲ ನೋಡ್ರಿ" ಎಂದು ನಕ್ಕರು. ಆ ಪೆನ್ನು ಆಗ ಅವರ ತುರುಬಿನಲ್ಲೇ ಇತ್ತು.

ಈ ಪದ್ಧತಿಯಿಂದ ತಪ್ಪು ಹೆಚ್ಚುತ್ತಿತ್ತೇ? ಗೇಟಿನವರು ಹೇಳಿದ್ದು ಬೇರೆ. ಒಬ್ಬ "ಮೂರು ಇಂಚ್ ಎತ್ತರಿ" ಎಂದು ಶುರು ಮಾಡಿ, ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಕೇಳಿಸಿ, "ಅಯ್ಯಯ್ಯ, ಎತ್ತೂದಲ್ರಿ ಅಕ್ಕೋರ, ಇಳಸೂದು!" ಎಂದು ಕಿರುಚಿದನಂತೆ. ಇದು ನಾನು ನೋಡಿದ್ದಲ್ಲ, ಕೇಳಿದ್ದು. ನೋಡಿದ್ದನ್ನೂ ಕೇಳಿದ್ದನ್ನೂ ಬೇರೆ ಇಡುವುದು ನನ್ನ ವೃತ್ತಿಯ ರೂಢಿ.

ನೋಡಿದ್ದು ಸೌಟಿನ ಸಂಗತಿ. ಒಲೆಯ ಮೇಲೆ ಏನಾದರೂ ಇಟ್ಟು ಹೊರಗೆ ಬಂದರೆ ಅಕ್ಕೋರ ಕೈಯಲ್ಲಿ ಅದರ ಗುರುತು ಇರಲೇಬೇಕು. ಸೌಟು ಹಿಡಿದು ಬಂದರೆ ಸಾರು ಕುದಿಯುತ್ತಿದೆ ಎಂದರ್ಥ. ಲಟ್ಟಣಿಗೆ ಇದ್ದರೆ ಚಪಾತಿ ಹಿಟ್ಟು ನಾದಿಟ್ಟಿದ್ದಾರೆ. ಬಟ್ಟಲಿದ್ದರೆ ಹಾಲು. ಏಕೆ ಹಿಡಿದಿದ್ದೇನೆ ಎನ್ನುವುದು ಅವರಿಗೆ ಮರೆಯುತ್ತಿತ್ತು. ಆದರೆ ಕಾಲೊನಿಗೆ ಮರೆಯುತ್ತಿರಲಿಲ್ಲ. ಪಕ್ಕದ ಮನೆಯ ಆಪಾ, ಜೀಪು ಓಡಿಸುವವರ ಹೆಂಡತಿ, ಅಂಗಳದಿಂದಲೇ ಕೂಗುತ್ತಿದ್ದರು: "ಅರೇ ಅಕ್ಕಾ, ಕೈಯಾಗ ಸೌಟು ಹಿಡಕೊಂಡು ಇಲ್ಲೇನ್ ಬಾತಾಂ ಹೊಡೀತಿ? ಚಲೋ, ಸಾರು ಹತ್ತತದ!"

"ಸಾರಂತೀಯಾ? ನಾ ಅನ್ನದ್ದಿರಬೇಕು ಅನ್ಕೊಂಡಿದ್ದೆ."

"ಅನ್ನಕ್ಕ ಚಮಚಾ ತರ್ತಿ. ನಿನ್ನ ಲೆಕ್ಕ ಮೇರೇಕೋ ಮಾಲೂಮ್!"

ನನ್ನ ಮಗಳ ನಾಮಕರಣಕ್ಕೆ ಅಕ್ಕೋರು ಲಟ್ಟಣಿಗೆ ಹಿಡಿದು ಬಂದರು. ಬಂದವರು ಅದನ್ನು ಉಡುಗೊರೆ ಎಂದೇ ತಿಳಿದರು. ಈಗಲೂ ನಮ್ಮ ಮನೆಯಲ್ಲಿದೆ.

ಮರೆಗುಳಿ ಎಂದರೆ ತಪ್ಪಾಗುತ್ತದೆ. ಹಳೆಯ ಗೇಟಿನವರ ಮಕ್ಕಳ ಹೆಸರು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಎದ್ದು ಹೋದರು, ಯಾವ ಬೇಸಿಗೆಯಲ್ಲಿ ಯಾರ ಎಮ್ಮೆ ಕಾಲುವೆಗೆ ಬಿತ್ತು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಹಳೆಯದೆಲ್ಲ ಭದ್ರ. ಈಗ ತಾನೇ ಆಡಿದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ಇದನ್ನು ಹಿಡಿದವರು ಕಲಬುರಗಿಯಿಂದ ಆರೋಗ್ಯ ತಪಾಸಣೆಗೆ ಬಂದಿದ್ದ ಒಬ್ಬ ಯುವ ವೈದ್ಯೆ. ಹೆಸರು ಕೇಳಿದರೆ ಅಕ್ಕೋರು ಊರು ಹೇಳಿದರು, ವಯಸ್ಸು ಕೇಳಿದರೆ ಹೆಸರು ಹೇಳಿದರು. ವೈದ್ಯೆ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಸಣ್ಣಾಕಿ ಇದ್ದಾಗಿಂದ ಹಿಂಗಾ?" ಎಂದು ಕೇಳಿದರು. ಆಗ ಅಕ್ಕೋರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಕಲಬುರಗಿಯ ತಮ್ಮ ಆಸ್ಪತ್ರೆಗೆ ಬರಹೇಳಿದರು, ಬಾಲ್ಯದ ಸಾಕ್ಷಿ ಬೇಕೆಂದರು. ಅಕ್ಕೋರ ಅಣ್ಣ ಬಂದು ಉತ್ಸಾಹದಿಂದ ಸಾಕ್ಷಿ ನುಡಿದ: "ಬುತ್ತಿ ಕೊಟ್ಟು ಹೊಲಕ್ಕ ಕಳಿಸಿದ್ರ ಬುತ್ತಿ ತಾನಽ ಉಂಡು, ಯಾರದೋ ಕುರಿಮರಿ ಹೊತಗೊಂಡು ಮನಿಗಿ ಬರ್ತಿದ್ಲ್ರಿ. ಮರಿ ಹುಡಕ್ಕೋತ ಕುರುಬರು ಬರೋರು, ಬುತ್ತಿ ಹುಡಕ್ಕೋತ ನಾ ಬರಾಂವ."

ವೈದ್ಯೆ ಕೇಳಿದರು, ಬರೆದುಕೊಂಡರು, ಇನ್ನೂ ಕೇಳಿದರು. ಕೊನೆಗೆ ಅದಕ್ಕೊಂದು ಹೆಸರು ಹೇಳಿದರು: ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ. ಮಕ್ಕಳಲ್ಲಿ ಇರುವಂತೆ ದೊಡ್ಡವರಲ್ಲೂ ಇರುತ್ತದೆ, ಬಹಳ ಜನರಿಗೆ ಗೊತ್ತೇ ಆಗದೆ ಬಾಳು ಮುಗಿಯುತ್ತದೆ ಎಂದರು. ಅದೇ ಆಸ್ಪತ್ರೆಯಲ್ಲಿ ಅಂಥವರ ಮಿದುಳಿನ ಚಟುವಟಿಕೆಯನ್ನು ಅಳೆಯುವ ಒಂದು ಅಧ್ಯಯನ ನಡೆದಿತ್ತು. ಒಪ್ಪಿಗೆ ಇದ್ದರೆ ಸೇರಬಹುದು ಎಂದಾಗ, ಮಾತು ಮುಗಿಯುವ ಮೊದಲೇ ಅಕ್ಕೋರು ಒಪ್ಪಿದ್ದರು.

ಅಳೆಯುವ ದಿನ ನಾನೂ ಜತೆಗೆ ಹೋಗಿದ್ದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದೆಂದು ಮುಂಚೆಯೇ ಹೇಳಿದ್ದರು. ಅಕ್ಕೋರ ಜಡೆಯಿಂದ ಎಣ್ಣೆ ಇಳಿಯುತ್ತಿತ್ತು.

"ಹೇಳಿದ್ದೆನಲ್ರಿ ಅಕ್ಕೋರ!" ಎಂದರು ವೈದ್ಯೆ.

"ಹೇಳಿದ್ದಿ ಯವ್ವಾ. ಮುಂಜಾನಿ ಎದ್ದ ಕೂಡ್ಲೇ ನೆನಪಾತು, ಡಾಕ್ಟರ್ ಎಣ್ಣಿದು ಏನೋ ಅಂದಿದ್ಲು ಅಂತ. ಜಾಸ್ತಿನೇ ಹಚಗೊಂಡೆ."

ಆಸ್ಪತ್ರೆಯಲ್ಲೇ ತಲೆ ತೊಳೆಸಿದರು. ಕೂಸಿನ ಕುಂಚಿಗೆಯಂಥ ಒಂದು ಟೊಪ್ಪಿಗೆ ಹಾಕಿದರು. ಅದರ ತುಂಬ ತಂತಿಗಳು; ಮಿದುಳಿನ ಚಟುವಟಿಕೆ ಪಕ್ಕದ ಯಂತ್ರದಲ್ಲಿ ಗೆರೆಗಳಾಗಿ ಮೂಡುತ್ತಿತ್ತು. ಎದುರಿನ ಪರದೆಯ ಮೇಲೆ ಒಂದೊಂದೇ ಅಂಕಿ ಬರುತ್ತದೆ. ಈಗ ಬಂದ ಅಂಕಿಯೂ ಅದರ ಹಿಂದಿನದರ ಹಿಂದೆ ಬಂದದ್ದೂ ಒಂದೇ ಆಗಿದ್ದರೆ ಗುಂಡಿ ಒತ್ತಬೇಕು.

"ಹಿಂದಿಂದರ ಹಿಂದಿಂದಾ? ಅದು ಈಗ ಸುರಪುರ ದಾಟಿ ಹೋಗಿರ್ತದಲ್ಲವ್ವಾ!" ಎಂದರು ಅಕ್ಕೋರು. ಆದರೂ ಗಂಭೀರವಾಗಿ ಕುಳಿತರು. ಏಳು ಬಂತು. "ಏಳನೇ ಗೇಟಿನಾಂವ ನೆನಪಾದ ನೋಡು. ಅವನ ಹೇಣ್ತಿಗಿ ಮೈಯಾಗ ಆರಾಮಿಲ್ಲ."

"ಮಾತಾಡಬ್ಯಾಡ್ರಿ, ಗೆರಿ ಕುಣೀತಾವ!"

"ಕುಣೀಲಿ ಬಿಡು, ಇಷ್ಟು ವರ್ಷ ಯಾರೂ ನೋಡಿದ್ದಿಲ್ಲ ಅವನ್ನ."

ಮುಗಿದ ಮೇಲೆ ವೈದ್ಯೆ ಅವರಿಗೆ ತಿಳಿಯುವಂತೆ ಹೇಳಿದರು. ಒಂದು ಮಾತನ್ನು ಕೆಲಸ ಮುಗಿಯುವವರೆಗೆ ಹಿಡಿದಿಡುವಾಗ ಮಿದುಳಿನ ಮುಂಭಾಗವೂ ಉಳಿದ ಕೆಲವು ಭಾಗಗಳೂ ಜತೆಗೂಡಿ ದುಡಿಯುತ್ತವೆ. "ನಿಮ್ಮಂಥವರದೂ ದುಡೀತದ್ರಿ. ಆದ್ರ ನಡುವ ಯಾರಾದ್ರೂ ಬಾಗಿಲು ಬಡದ್ರ ಕೆಲಸ ಬಿಟ್ಟು ಎದ್ದು ಹೋಗ್ತದ."

"ಹೋಗಿ ಚಾ ಕೊಟ್ಟು ಕುಂದರಸ್ತದ" ಎಂದರು ಅಕ್ಕೋರು. "ಹಂಗಾರ ನನ್ನ ತಲಿ ಖಾಲಿ ಇಲ್ಲ?"

"ಖಾಲಿ ಎಲ್ಲಿ? ಸಂತಿ ಅದ."

ಯಂತ್ರದ ಗೆರೆ ನೋಡಿ ಯಾರಿಗೂ ಈ ತೊಂದರೆ ಇದೆ ಎಂದು ಹೇಳಲಾಗದು, ತಾನು ಹೇಳಿದ್ದು ಅವರ ಬಾಳು ಕೇಳಿ ಎಂದೂ ವೈದ್ಯೆ ಸ್ಪಷ್ಟಪಡಿಸಿದರು. ನಾನು ಅದನ್ನು ಬರೆದುಕೊಂಡೆ. ಅಕ್ಕೋರು ಆ ಹೊತ್ತಿಗೆ ಪಕ್ಕದ ಕೋಣೆಯ ರೋಗಿಯ ಊರು, ಮನೆತನ ವಿಚಾರಿಸುತ್ತಿದ್ದರು.

ಮರುದಿನ ಕ್ಯಾಂಪಿನಲ್ಲಿ ಜಿಲೇಬಿ ಹಂಚಿದರು. ಬುಟ್ಟಿ ಹಿಡಿದು ಮನೆಮನೆಗೆ ಹೋದರು.

"ಏನ್ ಖುಷಿ ಅಕ್ಕೋರ? ಮಗಳು ಹಡದಾಳೇನ್ರಿ?" ಎಂದ ಆಪಾನ ಗಂಡ, ಜೀಪಿನವ.

"ಇಲ್ಲಪಾ, ನನಗ ಜಡ್ಡು ಸಿಕ್ಕದ!"

ಜಿಲೇಬಿ ಬಾಯಲ್ಲಿಟ್ಟವನಿಗೆ ನುಂಗಬೇಕೋ ಉಗುಳಬೇಕೋ ತಿಳಿಯಲಿಲ್ಲ. "ಅಲ್ಲಾ ಖೈರ್ ಕರೇ" ಎಂದು ನುಂಗಿದ.

"ಸಾಲ್ಯಾಗ ದಡ್ಡಿ ಅಂದ್ರು, ಅತ್ತಿ ಮನ್ಯಾಗ ಹುಚ್ಚಿ ಅಂದ್ರು, ಆಫೀಸಿನ್ಯಾಗ ಬೇಹುಷಾರ್ ಅಂದ್ರು. ಎಲ್ಲಾ ಸುಳ್ಳಂತ! ಅದಕ್ಕೊಂದು ಹೆಸರದ. ದೊಡ್ಡ ದೊಡ್ಡ ಡಾಕ್ಟರು ಅದನ್ನ ಓದಾಕತ್ಯಾರ!" ಇಷ್ಟು ಸಂತೋಷವಾಗಿ ರೋಗವನ್ನು ಬರಮಾಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಗುಳಿಗೆಯನ್ನೂ ಕೊಟ್ಟಿದ್ದರು. ಅದು ಕೆಲಸ ಮಾಡುತ್ತಿದ್ದಾಗ ಒಂದು ಸಂಜೆ ಅವರ ಗಂಡ, ನಿವೃತ್ತ ಶಾಲಾ ಮಾಸ್ತರರು, ತಮ್ಮ ಹಳೆಯ ಕಥೆ ತೆಗೆದರು: ರಾಯಚೂರಿಗೆ ಸಂದರ್ಶನಕ್ಕೆ ಹೊರಟು, ರೈಲಿನಲ್ಲಿ ನಿದ್ದೆ ಹೋಗಿ, ಗುಂತಕಲ್‌ನಲ್ಲಿ ಇಳಿದದ್ದು. ಮದುವೆಯಾದಾಗಿನಿಂದ ಹೇಳುತ್ತಿದ್ದ ಕಥೆ. ಅಕ್ಕೋರು ಅಂದು ಅಲುಗಾಡದೆ ಕೇಳಿದರು.

"ಮುಂದ?" ಎಂದರು.

ಮಾಸ್ತರರಿಗೆ ಗಾಬರಿಯಾಯಿತು. ಅಲ್ಲಿಯವರೆಗೆ ಯಾರೂ ಮುಂದೆ ಎಂದು ಕೇಳಿರಲಿಲ್ಲ. "ಮುಂದೇನು? ಹೊಳ್ಳಿ ಬರೂ ಗಾಡಿ ಹತ್ತಿ ಬಂದೆ."

"ಇಷ್ಟೇನಾ! ಏನೋ ಭಾರಿ ಅದ ಅಂತ ಇಷ್ಟು ವರ್ಷ ಆಸಿ ಇಟಗೊಂಡಿದ್ನೆಲ್ರೀ!"

ಆ ಗುಳಿಗೆಯಿಂದ ಎದೆ ಡವಡವ ಎನ್ನತೊಡಗಿತು. ವೈದ್ಯೆ ಅದನ್ನು ನಿಲ್ಲಿಸಿ, ಒಂದಷ್ಟು ದಿನ ಬಿಟ್ಟು ಬೇರೆಯದು ನೋಡೋಣ ಎಂದರು.

ಎಡವಟ್ಟಾದದ್ದು ಜಿಲೇಬಿ ಹಂಚಿದ ದಿನವೇ. ಆಗ ತಾನೇ ಮೈಸೂರು ಕಡೆಯಿಂದ ಹೊಸ ಅಧಿಕಾರಿ ಬಂದಿದ್ದರು. ಅಕ್ಕೋರು ಅವರ ಮೇಜಿನ ಮೇಲೂ ಜಿಲೇಬಿ ಇಟ್ಟು, ವೈದ್ಯೆ ಕೊಟ್ಟ ಕಾಗದವನ್ನು ಹೆಮ್ಮೆಯಿಂದ ಮುಂದೆ ಹಿಡಿದರು. ಅಧಿಕಾರಿ ಕಾಗದ ಪೂರ್ತಿ ಓದಿದರು. ಜಿಲೇಬಿ ಮುಟ್ಟಲಿಲ್ಲ.

"ಇದು ಸಿಹಿ ಹಂಚೋ ವಿಷಯ ಅಲ್ಲಮ್ಮ. ನೀರಿನ ಕೆಲಸ. ಒಂದು ಮಾತು ತಪ್ಪಿದರೆ ಯಾರದೋ ಹೊಲ ಕೊಚ್ಚಿಕೊಂಡು ಹೋಗುತ್ತೆ. ನೀವು ಇನ್ನು ದಫ್ತರದ ಕೋಣೆಗೆ ಹೋಗಿ. ಅಲ್ಲಿ ಆರಾಮ."

ಅವರು ಕೆಟ್ಟವರಲ್ಲ, ಹೇಳಿದ್ದೂ ಸುಳ್ಳಲ್ಲ. ಆದರೆ ದಫ್ತರದ ಕೋಣೆ ಎಂದರೆ ಹಳೆಯ ಫೈಲು ತುಂಬಿದ ಕಪಾಟುಗಳ ನಡುವೆ ಒಂದು ಕುರ್ಚಿ. ಅಕ್ಕೋರು ನನ್ನ ಬಳಿ ಬಂದು ಹೇಳಿದಾಗ ಮುಖದಲ್ಲಿ ನಗುವಿರಲಿಲ್ಲ. "ಮನಶ್ಯಾ ಆದ್ರ, ಹೇಳ್ಕೋತ ಇರಪಾ ಅನ್ನಬಹುದು. ಕಾಗದಕ್ಕ ಹ್ಯಾಂಗ ಅನ್ನಲಿ? ಅಲ್ಲಿ ಒಂದು ಫೈಲ್ ಎಲ್ಲಿಟ್ಟೆ ಅಂತ ಮರತ್ರ, ನೌಕರಿನೇ ಹೋಗ್ತದ. ಎರಡು ವರ್ಷ ಉಳದದ. ಕಳ್ಳಿ ಅನಿಸಿಕೊಂಡು ಮನಿಗಿ ಹೋಗಲೇನು?"

ಗೇಟಿನವರೆಲ್ಲ ಬಂದು ಹೊಸ ಅಧಿಕಾರಿಯ ಮುಂದೆ ನಿಂತರು. ಎಲ್ಲರೂ ಒಟ್ಟಿಗೆ ಮಾತನಾಡಿದ್ದರಿಂದ ಅವರಿಗೆ ಏನೂ ತಿಳಿಯಲಿಲ್ಲ. ಆದರೂ ಒಂದು ಅವಕಾಶ ಕೊಟ್ಟರು. ಮುಂಗಾರಿನ ಬೆಳೆಗೆ ನೀರು ಬಿಡುವ ದಿನ ಅಕ್ಕೋರೇ ಕೂಡಲಿ. ಆದರೆ ಈ ಜಪ ಬೇಡ. ಗೇಟಿನವರು ಒಮ್ಮೆ ಹೇಳಬೇಕು, ಅಕ್ಕೋರು ಒಮ್ಮೆ ದಾಟಿಸಬೇಕು. ತಪ್ಪಿದರೆ ಅಂದೇ ದಫ್ತರದ ಕೋಣೆ.

ನೀರು ಬಿಡುವ ದಿನ ಪತ್ರಿಕೆಯವರು ಕೊಠಡಿಯಲ್ಲಿ ಇರುವುದು ವಾಡಿಕೆ. ನಾನು ಮೂಲೆಯಲ್ಲಿ ಕುಳಿತಿದ್ದೆ. ಅಧಿಕಾರಿ ಅಕ್ಕೋರ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದರು. ಅಕ್ಕೋರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಮೊದಲ ಸುದ್ದಿ ಬಂತು. ಗೇಟಿನವನು ಬಾಯಿ ಮುಚ್ಚುವ ಮೊದಲೇ ಅಕ್ಕೋರು ದಾಟಿಸಿದರು. ಎರಡನೆಯದೂ ದಾಟಿತು. ಅಧಿಕಾರಿಯ ಹುಬ್ಬು ಸಡಿಲವಾಯಿತು.

ಮೂರನೆಯದು ಕೆಂಭಾವಿ ಕಡೆಯ ಗೇಟಿನದು. ಅವನು ಹೇಳಿ ಮುಗಿಸುವುದಕ್ಕೂ ಹೊರಗೆ ಜೀಪು ಗರ್ ಎಂದು ಚಾಲೂ ಆಗುವುದಕ್ಕೂ ಸರಿಹೋಯಿತು. ಅಕ್ಕೋರು ಕಿಟಕಿಯ ಕಡೆ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿದರು.

"ಹೋತ್ರಿ ಸಾಹೇಬ್ರ" ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಿಮಗ ಕೇಳಿಸ್ತೇನ್ರಿ?" ಎಂದರು.

ಅಧಿಕಾರಿಗೂ ಕೇಳಿಸಿರಲಿಲ್ಲ. ಅವರು ಅಷ್ಟು ಹೊತ್ತೂ ಅಕ್ಕೋರ ಮುಖವನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗಿದರು. ನಾನು ಅಕ್ಕೋರ ಕೈಬೆರಳು ನೋಡುತ್ತಿದ್ದೆ; ಹಾಳೆಯ ಮೇಲೆ ಒಂದಕ್ಷರವಿರಲಿಲ್ಲ. ಅಧಿಕಾರಿ ತಾವೇ ಸೆಟ್ಟು ತೆಗೆದುಕೊಂಡರು.

"ಕೆಂಭಾವಿ ಗೇಟು, ಈಗ ಹೇಳಿದ್ದು ಇನ್ನೊಮ್ಮೆ ಹೇಳಿ."

ಅಧಿಕಾರಿ ಸೆಟ್ಟನ್ನು ಕಿವಿಗೆ ಒತ್ತಿಕೊಂಡರು.

"ಹೇಳಪ್ಪ!"

"ಸಾಹೇಬ್ರ, ಒಮ್ಮಿ ಅನ್ನು ಅಂದ್ರಿ. ಅಂದೆ. ಈಗ ನನ್ನ ಬಲ್ಲಿನೂ ಇಲ್ರಿ."

"ಅಂದ್ರೆ?"

"ನಂದೂ ಹೋತ್ರಿ. ನಿಮ್ಮ ಅಂಜಿಕಿಗಿ."

ಕೆಳಗಿನ ಗೇಟುಗಳಿಗೆಲ್ಲ ಒಂದೇ ತರಂಗ. ಉಳಿದವರು ಕೇಳುತ್ತಲೇ ಇದ್ದರು. ಒಬ್ಬ ನುಗ್ಗಿದ: "ಅಂವ ಎಂಟು ಇಂಚ್ ಅಂದಾನ್ರಿ." ಇನ್ನೊಬ್ಬ: "ಎಲ್ಲೀದು ಎಂಟು, ಆರು!" ಮತ್ತೊಬ್ಬ: "ಅದು ನಾ ಹೇಳಿದ್ದೋ ಮಾರಾಯ!" ಸೆಟ್ಟು ಕೆಂಭಾವಿ ಸಂತೆಯಾಯಿತು. ಅಧಿಕಾರಿ "ಸುಮ್ನಿರಿ, ಎಲ್ಲಾ ಸುಮ್ನಿರಿ!" ಎಂದು ಗುಂಡಿ ಒತ್ತದೆಯೇ ಕೂಗುತ್ತಿದ್ದರು. ಅಕ್ಕೋರು ಮೆಲ್ಲಗೆ ಕೈ ಚಾಚಿ ಅವರ ಬೆರಳನ್ನು ಗುಂಡಿಯ ಮೇಲೆ ಇಟ್ಟರು. ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಅಧಿಕಾರಿ ನನ್ನನ್ನು ದುರುಗುಟ್ಟಿ ನೋಡಿದರು. ನೋಡುತ್ತಿದ್ದಂತೆ ಅವರ ಭುಜ ಅಲುಗತೊಡಗಿತು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ನಗು ನಿಂತ ಮೇಲೆ ಕೆಂಭಾವಿ ಗೇಟಿನವನಿಗೆ, ಹೋಗಿ ಮಟ್ಟ ನೋಡಿಕೊಂಡು ಬರಲು ಹೇಳಿದರು. ಸೆಟ್ಟನ್ನು ಅಕ್ಕೋರ ಕೈಗೆ ಕೊಟ್ಟು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಬಾಗಿಲ ಬಳಿ ಹೋಗಿ ನಿಂತು, ತಿರುಗದೆಯೇ, "ದಫ್ತರದ ಕೋಣೆ ಬೇಡ, ನೀವು ಇಲ್ಲೇ ಇರಿ" ಎಂದರು.

ಮೆಲುದನಿಯಲ್ಲಿ, ಜೀಪಿನ ಸದ್ದಿನ ನಡುವೆ ಆಡಿದ ಮಾತು. ನನಗೇ ಕಷ್ಟಪಟ್ಟು ಕೇಳಿಸಿತು. ಆದರೆ ಅಕ್ಕೋರು ಅದನ್ನು ಎರಡನೇ ಸಲ ಹೇಳಿಸಲಿಲ್ಲ.